ಪದ ಪರಿಚಯ: ಕಾರ್ಯಸಾಧ್ಯತಾ ಅಧ್ಯಯನ

ಅಂದುಕೊಂಡ ಕಟ್ಟಡ ಆ ಜಾಗದ ಕಾನೂನಿಗೆ, ಮಣ್ಣಿಗೆ, ನೀರಿಗೆ ಮತ್ತು ಕೈಯಲ್ಲಿರುವ ಹಣಕ್ಕೆ ಹೊಂದುತ್ತದೆಯೇ ಎಂದು ನಕ್ಷೆ ಬರೆಯುವ ಮೊದಲೇ ಲೆಕ್ಕ ಹಾಕಿ ನೋಡುವುದು ಕಾರ್ಯಸಾಧ್ಯತಾ ಅಧ್ಯಯನ. ಆರ್ಕಿಟೆಕ್ಟರ ಬಾಯಲ್ಲಿ ಇದು ‘ಫೀಸಿಬಿಲಿಟಿ’. ಉತ್ತರ ಮೂರರಲ್ಲಿ ಒಂದು: ಆಗುತ್ತದೆ, ಆಗುವುದಿಲ್ಲ, ಇಂತಿಂಥ ಬದಲಾವಣೆ ಮಾಡಿದರೆ ಆಗುತ್ತದೆ. ವಿಸ್ತೃತ ಯೋಜನಾ ವರದಿ ಬರುವುದು ಇದಾದ ಮೇಲೆ. ಎಲಿವೇಶನ್ (ಕಟ್ಟಡದ ಹೊರನೋಟ) ಚಿತ್ರ ಮೊದಲು ಮಾಡಿಸಿ, ಮನಸ್ಸು ಅದರಲ್ಲಿ ನೆಟ್ಟ ಮೇಲೆ ಅಧ್ಯಯನಕ್ಕೆ ಹೊರಟರೆ ‘ಆಗುವುದಿಲ್ಲ’ ಎಂದು ಹೇಳುವ ಧೈರ್ಯ ಯಾರಿಗೂ ಉಳಿಯುವುದಿಲ್ಲ.

ಮಂಗಳೂರು, ಉಡುಪಿಯಲ್ಲಿ ಮೊದಲು ನೋಡಬೇಕಾದದ್ದು ಕಾಗದ. ಆರ್‌ಟಿಸಿ (ಪಹಣಿ), ಋಣಭಾರ ಪತ್ರ, ಭೂಪರಿವರ್ತನೆ ಆದೇಶ ಎಲ್ಲ ಊರಿಗೂ ಸಾಮಾನ್ಯ. ಇಲ್ಲಿ ಇನ್ನೂ ಕೆಲವಿವೆ. ಬೇಲಿಯೊಳಗಿನ ಒಂದು ತುಂಡು ಕುಮ್ಕಿಯಾಗಿರಬಹುದು. ಕುಮ್ಕಿ ಸರ್ಕಾರದ ಜಾಗ; ಪಕ್ಕದ ವರ್ಗ ಜಮೀನಿನವರಿಗೆ (ಪಟ್ಟಾ ಇರುವ ಜಮೀನಿನವರಿಗೆ) ಸೊಪ್ಪು ಸೌದೆಯಂಥ ಸವಲತ್ತು ಇದೆಯೇ ಹೊರತು ಕಟ್ಟುವ ಹಕ್ಕಿಲ್ಲ. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕುಟುಂಬದ ಆಸ್ತಿಯಾದರೆ ವಿಭಾಗ ಪತ್ರಕ್ಕೆ ಎಲ್ಲ ಕವರಿನವರ (ಕುಟುಂಬದ ಕವಲುಗಳವರ) ಸಹಿ ಬಿದ್ದಿದೆಯೇ ನೋಡಬೇಕು. ನಾಗಬನವಿದ್ದರೆ ಅದನ್ನೂ ಅದರ ದಾರಿಯನ್ನೂ ಬಿಟ್ಟು ಉಳಿದ ಜಾಗದಿಂದಲೇ ಲೆಕ್ಕ ಶುರು. ಇನ್ನು ಸಿಆರ್‌ಝಡ್ (ಕಟ್ಟಲು ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯ) ಸಮುದ್ರದ ಬದಿಗಷ್ಟೇ ಎಂದು ತಿಳಿದವರು ಬಹಳ. ನೇತ್ರಾವತಿ, ಗುರುಪುರ, ಸ್ವರ್ಣಾ ಹೊಳೆಗಳಲ್ಲಿ ಉಬ್ಬರದ ನೀರು ಏರುವಷ್ಟು ದೂರವೂ ದಡಕ್ಕೆ ಅದು ಅನ್ವಯಿಸುತ್ತದೆ. 2019ರ ಅಧಿಸೂಚನೆಯಲ್ಲಿ ಈ ಪಟ್ಟಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು.

ಕಾಗದ ಸರಿಯಿದ್ದರೆ ಎಷ್ಟು ಕಟ್ಟಬಹುದು ಎಂಬ ಪ್ರಶ್ನೆ. 20 ಸೆಂಟ್ಸ್ ಎಂದರೆ 8,712 ಚದರ ಅಡಿ. ಎಫ್‌ಎಆರ್, ಅಂದರೆ ಜಾಗದ ಎಷ್ಟು ಪಟ್ಟು ಒಟ್ಟು ಕಟ್ಟಬಹುದೆಂಬ ಅನುಪಾತ, ವಲಯಕ್ಕೂ ರಸ್ತೆಯ ಅಗಲಕ್ಕೂ ತಕ್ಕಂತೆ ಬದಲಾಗುತ್ತದೆ; ಉದಾಹರಣೆಗೆ 1.75 ಎಂದಿಟ್ಟುಕೊಂಡರೆ 15,246 ಚದರ ಅಡಿ, ಅಂದರೆ ಸುಮಾರು 12 ಫ್ಲ್ಯಾಟ್. ಹೆಚ್ಚಿನವರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಮುಂದುವರಿಸಿ ನೋಡಿ. ನಾಲ್ಕು ಮಹಡಿಯಾದರೆ ಒಂದೊಂದು ಸುಮಾರು 3,800 ಚದರ ಅಡಿ. ಕೆಳಗಿನ ಸ್ಟಿಲ್ಟ್ (ಕಾರು ನಿಲ್ಲಿಸಲು ಕಂಬಗಳ ಮೇಲೆ ತೆರೆದಿಟ್ಟ ನೆಲಮಟ್ಟ) ಕೂಡ ಅಷ್ಟೇ. ಒಂದು ಕಾರು ನಿಲ್ಲಲು 2.5 × 5.5 ಮೀಟರ್, ಓಡಾಟದ ದಾರಿ ಸೇರಿದರೆ ಸುಮಾರು 30 ಚದರ ಮೀಟರ್, ಅಂದರೆ 323 ಚದರ ಅಡಿ. ಮೆಟ್ಟಿಲು, ಲಿಫ್ಟ್, ಪಂಪು, ವಿದ್ಯುತ್ ಪ್ಯಾನೆಲ್‌ಗಳಿಗೆ 600 ಚದರ ಅಡಿ ಕಳೆದರೆ ಹಿಡಿಯುವುದು 9 ಕಾರು; ಫ್ಲ್ಯಾಟ್ ಮಾತ್ರ 12. ಬೇಸ್‌ಮೆಂಟ್ ಮಾಡೋಣವೆಂದರೆ 3 ಮೀಟರ್ ಇಳಿಯಲು 1:8 ಇಳಿಜಾರಿನಲ್ಲಿ 24 ಮೀಟರ್ ರಾಂಪ್ ಬೇಕು. 20 ಸೆಂಟ್ಸ್ ಚೌಕವಾಗಿದ್ದರೂ ಒಂದು ಬದಿ 28 ಮೀಟರ್ ಚಿಲ್ಲರೆ ಮಾತ್ರ; ರಾಂಪೇ ಅದನ್ನು ಹೆಚ್ಚುಕಡಿಮೆ ನುಂಗುತ್ತದೆ. ಫ್ಲ್ಯಾಟಿನ ಸಂಖ್ಯೆಯನ್ನು ಕೊನೆಗೆ ತೀರ್ಮಾನಿಸುವುದು ಎಫ್‌ಎಆರ್‌ಗಿಂತ ಹೆಚ್ಚಾಗಿ ಪಾರ್ಕಿಂಗ್.

ಬೇಸ್‌ಮೆಂಟ್ ಅಂದ ಕೂಡಲೇ ಮಣ್ಣಿನ ಮಾತು ಬರುತ್ತದೆ. ನಮ್ಮಲ್ಲಿ ಮೇಲೆ ಮುರಕಲ್ಲು (ಲ್ಯಾಟರೈಟ್), ಅದರಡಿಗೆ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಮಣ್ಣು ಗೋಡೆಯಂತೆ ನೇರ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಕೊಚ್ಚಿಹೋಗುತ್ತದೆ. ಮೇ ತಿಂಗಳಲ್ಲಿ ಗುಡ್ಡದ ಬದಿಯನ್ನು ನೇರವಾಗಿ ಕಡಿದು ಬಿಟ್ಟರೆ ಜೂನ್‌ನ ಮಳೆಗೆ ಬರೆ (ಕಡಿದ ಮಣ್ಣಿನ ಗೋಡೆ) ಜರಿದು ನೆರೆಯವರ ಕಾಂಪೌಂಡನ್ನೂ ಎಳೆದುಕೊಂಡು ಬರುವುದು ಇದರಿಂದಲೇ. ಮುರಕಲ್ಲು ಕಂಡಿತೆಂದು ‘ನೆಲ ಗಟ್ಟಿ ಉಂಟು’ ಎಂದು ಬೋರ್ ಪರೀಕ್ಷೆ (ರಂಧ್ರ ಕೊರೆದು ಅಡಿಯ ಮಣ್ಣು ನೋಡುವುದು) ಬಿಡುವುದು ಇಲ್ಲಿನ ಅತಿ ದುಬಾರಿ ಉಳಿತಾಯ. ಮಣ್ಣು ಪರೀಕ್ಷೆಯ ಭಾರತೀಯ ಮಾನಕ ಐಎಸ್ 1892ರ ಪ್ರಕಾರ ಸುಮಾರು 0.4 ಹೆಕ್ಟೇರ್ ಜಾಗಕ್ಕೆ ಮೂಲೆಗೊಂದು, ನಡುವೆ ಒಂದು ಬೋರ್ ಸಾಕು. ಮಣ್ಣಿನ ಗಟ್ಟಿತನ ಅಳೆಯುವ ಎಸ್‌ಪಿಟಿ ಪರೀಕ್ಷೆಯಲ್ಲಿ 63.5 ಕೆಜಿ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ ಮೊದಲ 15 ಸೆಂಟಿಮೀಟರ್ ಇಳಿದ ನಂತರದ 30 ಸೆಂಟಿಮೀಟರಿಗೆ ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತಾರೆ. ಬೇಸಗೆಯಲ್ಲಿ ಎಣಿಸಿದ್ದಾದರೆ ಅದನ್ನೇ ನೆಚ್ಚಬಾರದು. ಆಟಿಯಲ್ಲಿ (ಮಳೆ ಜೋರಿರುವ ತುಳು ತಿಂಗಳು) ನೀರು ಎಲ್ಲಿವರೆಗೆ ಏರುತ್ತದೆಂದು ಪಕ್ಕದ ಮನೆಯ ಬಾವಿ ನೋಡಿ ಕೇಳಿ ಬರೆದುಕೊಳ್ಳಬೇಕು.

ಬೇಸಗೆಯ ನೀರಿನ ಲೆಕ್ಕವೂ ಬೇಕು. 12 ಫ್ಲ್ಯಾಟಿಗೆ 60 ಜನ, ತಲೆಗೆ 135 ಲೀಟರ್, ದಿನಕ್ಕೆ 8,100 ಲೀಟರ್. ಮಂಗಳೂರಿಗೆ ನೀರು ಕೊಡುವ ತುಂಬೆ, ಉಡುಪಿಗೆ ಕೊಡುವ ಬಜೆ ಅಣೆಕಟ್ಟುಗಳಲ್ಲಿ ನೀರು ಇಳಿದ ಏಪ್ರಿಲ್, ಮೇಯಲ್ಲಿ ಇಷ್ಟು ಎಲ್ಲಿಂದ? ಕಡಲ ಹತ್ತಿರದ ಬಾವಿಯ ನೀರು ಅದೇ ಹೊತ್ತಿಗೆ ಉಪ್ಪಾಗಬಹುದು.

ಚದರ ಅಡಿ ದರಕ್ಕೆ ವಿಸ್ತೀರ್ಣ ಗುಣಿಸಿ ಬರುವ ಮೊತ್ತದಲ್ಲಿ ತಡೆಗೋಡೆ, ಮಣ್ಣು ಸಾಗಾಟ, ಟ್ರಾನ್ಸ್‌ಫಾರ್ಮರ್, ಪರವಾನಗಿ ಶುಲ್ಕ ಸಾಮಾನ್ಯವಾಗಿ ಇರುವುದಿಲ್ಲ. ಮಳೆಯೂ ಇರುವುದಿಲ್ಲ: ಪರವಾನಗಿ ಏಪ್ರಿಲ್ ಕೊನೆಗೆ ಸಿಕ್ಕಿದರೆ ಅಡಿಪಾಯಕ್ಕೆ ಅಕ್ಟೋಬರ್‌ವರೆಗೆ ಕಾಯುವುದೇ ಕ್ಷೇಮ, ಬಡ್ಡಿ ಮಾತ್ರ ಕಾಯುವುದಿಲ್ಲ. ಖರ್ಚು ಶೇ 10 ಹೆಚ್ಚಿಸಿ, ಮಾರಾಟದ ಬೆಲೆ ಶೇ 10 ಇಳಿಸಿ, ಒಂದು ಮಳೆಗಾಲದ ವಿಳಂಬ ಸೇರಿಸಿ ಲೆಕ್ಕ ನೋಡಿ. ಮೂರೂ ಒಟ್ಟಿಗೆ ಬಂದರೂ ಸಾಲ ತೀರುವಂತಿದ್ದರೆ ಯೋಜನೆ ಆಗುತ್ತದೆ.

ಜಾಗ ಇನ್ನೂ ಕೊಳ್ಳಬೇಕಷ್ಟೇ ಎಂದಾದರೆ ಕಾಗದ ಮತ್ತು ಸಿಆರ್‌ಝಡ್ ಪರಿಶೀಲನೆ ಮುಂಗಡ ಕೊಡುವ ಮೊದಲೇ ಮುಗಿಯಲಿ. ಬೋರ್ ಹಾಕಲು ಮಾಲೀಕರ ಒಪ್ಪಿಗೆ ಬೇಕಾಗುತ್ತದೆ. ಅದನ್ನೂ, ಮಣ್ಣಿನ ವರದಿ ಕೈಕೊಟ್ಟರೆ ಮುಂಗಡ ವಾಪಸು ಎಂಬುದನ್ನೂ ಕರಾರಿನಲ್ಲೇ ಬರೆಸಿಕೊಳ್ಳಿ.