ಎಚ್‌ಐವಿ ಗುಳಿಗೆ, ಗ್ಯಾಸಿನ ಮದ್ದು ಮತ್ತು ಗುಟ್ಟು

ಊಟ ಸ್ವಲ್ಪ ಹೆಚ್ಚಾಗಿ ಎದೆ ಉರಿದರೆ ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಾಗಲಿ ಉಪ್ಪಳದಲ್ಲಾಗಲಿ ಯಾರೂ ಡಾಕ್ಟರನ್ನು ಹುಡುಕುವುದಿಲ್ಲ. ಮದ್ದಿನ ಅಂಗಡಿಗೆ ಹೋಗಿ ಜೆಲುಸಿಲ್ಲೋ ಡೈಜೀನೋ ತಂದು ಎರಡು ಚಮಚ ಕುಡಿಯುತ್ತಾರೆ. ಹೆಚ್ಚಿನವರಿಗೆ ಇದರಿಂದ ತೊಂದರೆಯೇನೂ ಇಲ್ಲ. ಆದರೆ ಎಚ್‌ಐವಿಯ ಗುಳಿಗೆ ನುಂಗುವವರು ಅದೇ ಹೊತ್ತಿಗೆ ಇದನ್ನೂ ಕುಡಿದರೆ, ಗುಳಿಗೆಯ ಮುಖ್ಯ ಮದ್ದಿನ ಸುಮಾರು ಮುಕ್ಕಾಲು ಪಾಲು ರಕ್ತಕ್ಕೆ ಸೇರುವುದೇ ಇಲ್ಲ.

ಕಾರಣ ತಿಳಿಯಬೇಕಾದರೆ ಗುಳಿಗೆಯೊಳಗೆ ಏನಿದೆ ಎಂದು ನೋಡಬೇಕು. ಎಚ್‌ಐವಿಗೆ ಮದ್ದು ಕೊಡುವ ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ (ಕೇರಳದಲ್ಲಿ ಇವಕ್ಕೆ ‘ಉಷಸ್’ ಎಂದು ಹೆಸರು) ದೊಡ್ಡವರಿಗೆ ಸಾಮಾನ್ಯವಾಗಿ ಉಚಿತವಾಗಿ ಸಿಗುವುದು ದಿನಕ್ಕೊಂದೇ ಗುಳಿಗೆ. ಅದರಲ್ಲಿ ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300 ಮಿ.ಗ್ರಾಂ, ಡೊಲುಟೆಗ್ರಾವಿರ್ 50 ಮಿ.ಗ್ರಾಂ ಇರುತ್ತವೆ. ವೈರಸ್ ನಮ್ಮ ಜೀವಕೋಶ ಹೊಕ್ಕ ಮೇಲೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿಕೊಳ್ಳುತ್ತದೆ. ಮೊದಲ ಎರಡು ಮದ್ದುಗಳು ಆ ನಕಲಿನೊಳಗೆ ನುಸುಳುತ್ತವೆ. ಹಿಂಬದಿಯಲ್ಲಿ ಕೊಂಡಿಯೇ ಇಲ್ಲದ ಬೋಗಿಯನ್ನು ರೈಲಿಗೆ ಸೇರಿಸಿದ ಹಾಗೆ. ಅದು ಸೇರಿತು ಎಂದರೆ ಮುಂದೆ ಇನ್ನೊಂದು ಬೋಗಿ ಸೇರುವಂತಿಲ್ಲ. ಹಾಗೂ ತಪ್ಪಿಸಿಕೊಂಡು ಪೂರ್ತಿಯಾದ ನಕಲನ್ನು ನಮ್ಮ ಡಿಎನ್‌ಎಗೆ ಬೆಸೆಯುವುದು ಇಂಟಿಗ್ರೇಸ್ ಎಂಬ ಕಿಣ್ವ. ಅದರ ಕೆಲಸದ ಜಾಗದಲ್ಲಿ ಮೆಗ್ನೀಸಿಯಮ್ ಎಂಬ ಲೋಹದ ಎರಡು ಅಯಾನುಗಳು (ವಿದ್ಯುದಂಶವುಳ್ಳ ಕಣಗಳು) ಇವೆ. ಡೊಲುಟೆಗ್ರಾವಿರ್ ಬಂದು ಅವೆರಡನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕಿಣ್ವ ಅಲ್ಲಿಗೆ ನಿಲ್ಲುತ್ತದೆ.

ಈಗ ಗ್ಯಾಸಿನ ಮದ್ದಿಗೆ ಬನ್ನಿ. ಅದರಲ್ಲಿರುವುದೂ ಮೆಗ್ನೀಸಿಯಮ್ ಮತ್ತು ಅಲ್ಯೂಮಿನಿಯಮ್. ವೈರಸ್ಸಿನೊಳಗಿನ ಲೋಹ ಯಾವುದು, ಹೊಟ್ಟೆಯೊಳಗಿನದು ಯಾವುದು ಎಂಬ ಭೇದ ಡೊಲುಟೆಗ್ರಾವಿರಿಗೆ ತಿಳಿಯದು. ಸಿಕ್ಕಿದ ಲೋಹಕ್ಕೆ ಅಂಟಿಕೊಂಡು, ರಕ್ತಕ್ಕೆ ಇಳಿಯದೆ, ಮಲದಲ್ಲಿ ಹೊರಗೆ ಹೋಗುತ್ತದೆ. ಮದ್ದಿನ ಶಕ್ತಿ ಯಾವುದೋ ಅದೇ ಅದರ ದೌರ್ಬಲ್ಯವೂ ಆಗಿರುವುದು ನನಗೆ ಈ ಗುಳಿಗೆಯ ಅತಿ ಸ್ವಾರಸ್ಯದ ಸಂಗತಿ.

ಪರಿಹಾರ ಸುಲಭ. ಇಂಥ ಗ್ಯಾಸಿನ ಮದ್ದು ಬೇಕೇ ಬೇಕಾದರೆ, ಗುಳಿಗೆಯನ್ನು ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಬಿಟ್ಟು ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಖಾಲಿ ಹೊಟ್ಟೆಯಲ್ಲಾದರೆ ಇದೇ ಲೆಕ್ಕ. ಊಟದ ಜೊತೆಗಾದರೆ ಒಟ್ಟಿಗೆ ನುಂಗಬಹುದು. ದಿನವೂ ಕಬ್ಬಿಣದ ಮಾತ್ರೆ ನುಂಗುವ ಬಸುರಿಯರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳಲ್ಲಿ ಈ ಲೋಹಗಳ ತಕರಾರಿಲ್ಲ. ಆದರೆ ನಮ್ಮಲ್ಲಿ ಲೋಹಾಸವ, ಶಂಖಭಸ್ಮ ಇತ್ಯಾದಿಗಳನ್ನು ಯಾರೂ ‘ಮದ್ದು’ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದರಲ್ಲಿರುವುದು ಕಬ್ಬಿಣ, ಇನ್ನೊಂದರಲ್ಲಿ ಕ್ಯಾಲ್ಸಿಯಂ.

ಒಂದು ಮದ್ದು ಇನ್ನೊಂದಕ್ಕೆ ಆಗದು ಎಂದು ಹೇಳಬೇಕಾದವರಿಗೆ ಎಚ್‌ಐವಿಯ ವಿಷಯವೇ ತಿಳಿದಿರುವುದಿಲ್ಲ. ಗುಳಿಗೆಗೆ ನಿಜವಾದ ಅಪಾಯ ಗುಟ್ಟಿನಿಂದ ಎಂದು ನಾನು ಹೇಳುವುದು ಇದಕ್ಕೇ. ಕಾಸರಗೋಡಿನವರ ಗುಟ್ಟು ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತದೆ. ಎಚ್‌ಐವಿಗೆ ಕೇರಳದ ಕೇಂದ್ರ, ಮೊಣಕಾಲು ನೋವಿಗೆ ಮಂಗಳೂರಿನ ತಜ್ಞರು, ಸಕ್ಕರೆ ಕಾಯಿಲೆಗೆ ಊರಿನ ಡಾಕ್ಟರು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಿಳಿಯದು. ಡೊಲುಟೆಗ್ರಾವಿರ್ ಜೊತೆಗಿದ್ದರೆ ಸಕ್ಕರೆಯ ಮೆಟ್‌ಫಾರ್ಮಿನ್ ರಕ್ತದಲ್ಲಿ ಏರುತ್ತದೆ, ಹಾಗಾಗಿ ಅದನ್ನು ದಿನಕ್ಕೆ 1000 ಮಿ.ಗ್ರಾಂ ಮೀರಿಸುವುದಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಡೊಲುಟೆಗ್ರಾವಿರನ್ನು ಬೇಗ ಕರಗಿಸಿಬಿಡುವುದರಿಂದ, 12 ಗಂಟೆ ಬಿಟ್ಟು ಇನ್ನೊಂದು 50 ಮಿ.ಗ್ರಾಂ ಕೊಡಬೇಕಾಗುತ್ತದೆ. ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ತೊಂದರೆ ಕೊಡುವುದುಂಟು. ಅದರ ಮೇಲೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ದಿನಗಟ್ಟಲೆ ನುಂಗುವುದು ಒಳ್ಳೆಯದಲ್ಲ. ಹೇಳಿಕೊಳ್ಳಲು ಹೆದರುವವರಿಗೆ ಒಂದು ಮಾತು: 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯಿದೆಯ ಪ್ರಕಾರ, ಕಾಯಿದೆಯೇ ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟರೆ, ನಿಮ್ಮ ಒಪ್ಪಿಗೆಯಿಲ್ಲದೆ ಡಾಕ್ಟರು ಈ ವಿಷಯವನ್ನು ಹೊರಗೆ ಬಿಡುವಂತಿಲ್ಲ.

ಡಬ್ಬಿಯೂ ಗುಟ್ಟಿಗೆ ಬಲಿಯಾಗುತ್ತದೆ. ಮನೆಯವರು ಕಂಡಾರೆಂದು ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ಕಪಾಟಿನಲ್ಲಿ ಇಡುವವರಿದ್ದಾರೆ. ನಮ್ಮ ಮಳೆಗಾಲದ ತೇವಕ್ಕೆ ಹಪ್ಪಳವೇ ನಿಲ್ಲುವುದಿಲ್ಲ, ಗುಳಿಗೆ ನಿಂತೀತೇ? ಬೇಕಾದರೆ ಚೀಟಿ ಕಿತ್ತುಹಾಕಿ, ಡಬ್ಬಿ ಮತ್ತು ಅದರೊಳಗಿನ ತೇವ ಹೀರುವ ಪೊಟ್ಟಣ ಹಾಗೆಯೇ ಇರಲಿ.

ಹಿಂದೆ ಎಫಾವಿರೆನ್ಜ್ ಇದ್ದ ಗುಳಿಗೆಯಿಂದ ತಲೆ ತಿರುಗುತ್ತಿತ್ತು, ಅದಕ್ಕೆ ರಾತ್ರಿ ಮಲಗುವಾಗ ನುಂಗಿ ಎನ್ನುತ್ತಿದ್ದರು. ಈಗಿನದಕ್ಕೆ ಆ ಕಟ್ಟು ಇಲ್ಲ. ಕೆಲವರ ನಿದ್ದೆ ಕೆಡಿಸುವುದರಿಂದ ಬೆಳಗ್ಗೆಯೇ ಒಳ್ಳೆಯದು. ಉಪವಾಸವಿದ್ದರೂ ಅಡ್ಡಿಯಿಲ್ಲ, ರಂಜಾನ್ ತಿಂಗಳಲ್ಲಿ ಇಫ್ತಾರಿನ ಹೊತ್ತಿಗೆ ನುಂಗಬಹುದು. ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಗುಳಿಗೆಗೆ 4 ಗಂಟೆಯೂ ಉಳಿದಿಲ್ಲವಾದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ. ಆರಾಮವಾಯಿತೆಂದು ನಿಲ್ಲಿಸುವುದಂತೂ ಬೇಡವೇ ಬೇಡ. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಹೆಪಟೈಟಿಸ್ ಬಿ ವೈರಸ್ಸನ್ನೂ ಅದುಮಿಡುತ್ತವೆ. ಆ ಸೋಂಕೂ ಇದ್ದವರು ಥಟ್ಟನೆ ನಿಲ್ಲಿಸಿದರೆ ಪಿತ್ತಜನಕಾಂಗ (ಲಿವರ್) ಉರಿದೇಳಬಹುದು. ತಪ್ಪದೆ ನುಂಗಿ, ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಇಳಿದು ಹಾಗೆಯೇ ಉಳಿದವರಿಂದ ಸಂಭೋಗದಲ್ಲಿ ಸಂಗಾತಿಗೆ ಸೋಂಕು ದಾಟುವುದಿಲ್ಲ.

ಸೋಂಕಿಲ್ಲದವರೂ ಮುಂಜಾಗ್ರತೆಗೆ ನುಂಗುವ ಗುಳಿಗೆ ಉಂಟು, ಪ್ರೆಪ್ ಎನ್ನುತ್ತಾರೆ. ಅಮೆರಿಕದಲ್ಲಿ ಇದಕ್ಕೆ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಟೆನೊಫೊವಿರಿನ ಜೊತೆ ಎಮ್‌ಟ್ರಿಸಿಟಾಬಿನ್, ಎರಡೇ ಮದ್ದು. ದಿನವೂ ತಪ್ಪದೆ ನುಂಗಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ. 99ರಷ್ಟು ತಗ್ಗುತ್ತದೆ. ಆದರೆ ಶುರುಮಾಡುವ ಮೊದಲೂ, ಆಮೇಲೆ 3 ತಿಂಗಳಿಗೊಮ್ಮೆಯೂ ಎಚ್‌ಐವಿ ಪರೀಕ್ಷೆ ಆಗಲೇಬೇಕು. ಸೋಂಕು ಆಗಲೇ ಇದ್ದು ತಿಳಿಯದೆ ಎರಡೇ ಮದ್ದು ನುಂಗುತ್ತಿದ್ದರೆ ವೈರಸ್ ಅವಕ್ಕೆ ಒಗ್ಗಿಹೋಗುತ್ತದೆ. ಹಾಗಾಗಿ ಗೆಳೆಯನ ಡಬ್ಬಿಯಿಂದ ಎರವಲು ಪಡೆಯುವುದು ಸಲ್ಲದು.

ಕಾಂಡೋಮ್ ಹರಿಯಿತು, ಸೂಜಿ ಚುಚ್ಚಿತು ಎಂದಾದರೆ ದಾರಿ ಬೇರೆ. ಪೆಪ್ ಎಂಬ 28 ದಿನಗಳ ಚಿಕಿತ್ಸೆಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ, ಶುರುಮಾಡಬೇಕು. ಶುಕ್ರವಾರ ರಾತ್ರಿ ಆದದ್ದಕ್ಕೆ ಸೋಮವಾರ ಒಪಿ ತೆರೆಯಲಿ ಎಂದು ಕಾಯಬೇಡಿ, ಆಗಲೇ ಕ್ಯಾಶುವಾಲಿಟಿಗೆ ಹೋಗಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆಮಾಡಿ ಕೇಳಬಹುದು, ಕರೆಗೆ ದುಡ್ಡಿಲ್ಲ.