ಐವಿಎಫ್ ಮಗು ವೀಕ್ ಅಂತೆ, ಹೌದಾ?

ಪ್ರಶ್ನೆ: ಮದುವೆಯಾಗಿ ಆರು ವರ್ಷ. ಗಂಡ ದುಬೈಯಲ್ಲಿದ್ದಾರೆ, ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾರೆ. ಡಾಕ್ಟ್ರು ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವುದು) ಹೇಳಿದ್ದಾರೆ. ಹಾಗೆ ಹುಟ್ಟುವ ಮಕ್ಕಳು ವೀಕ್ ಇರುತ್ತವೆ ಎಂದು ಅತ್ತೆಗೆ ಭಯ. ಮಾಡಿಸುವುದೇ ಆದರೆ ಎರಡು ಭ್ರೂಣ ಹಾಕಿಸಿ, ಒಂದೇ ಬಾಣಂತನದಲ್ಲಿ ಮುಗಿಸುವುದು ಒಳ್ಳೆಯದಲ್ಲವಾ?

ಉತ್ತರ: ಮಗು ವೀಕ್ ಆಗುವುದಿಲ್ಲ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ತಿರುಗಿ ಬರುತ್ತದೆ, ಒಮ್ಮೆ ಬೈಂದೂರಿನಿಂದ, ಒಮ್ಮೆ ಮೂಡುಬಿದಿರೆಯಿಂದ. 1978ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಹುಟ್ಟಿದರು. ಅದೇ ಅಕ್ಟೋಬರಿನಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಕೆಲಸದಿಂದ ಕೋಲ್ಕತ್ತದಲ್ಲಿ ಭಾರತದ ಮೊದಲ ಐವಿಎಫ್ ಮಗು ದುರ್ಗಾ ಹುಟ್ಟಿದರು. ಲೂಯಿಸ್ 2006ರಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ತಾವೇ ತಾಯಿಯಾದರು.

ಹಾಗೆಂದು ನಿಮ್ಮ ಅತ್ತೆ ಕಂಡದ್ದು ಸುಳ್ಳಲ್ಲ. ನೆಂಟರಲ್ಲಿ ಯಾರದೋ ಐವಿಎಫ್ ಮಕ್ಕಳು ಒಂದೂವರೆ ಕೆ.ಜಿ. ತೂಗುತ್ತಾ, ಮಣಿಪಾಲದಲ್ಲೋ ಮಂಗಳೂರಿನಲ್ಲೋ ತಿಂಗಳುಗಟ್ಟಲೆ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಇದ್ದದ್ದನ್ನು ಅವರು ನೋಡಿರುತ್ತಾರೆ. ಆ ಮಕ್ಕಳು ಅವಳಿಗಳಾಗಿದ್ದವೇ ಎಂದು ಒಮ್ಮೆ ಕೇಳಿ ನೋಡಿ. ಹೆಚ್ಚಿನ ಸಲ ಹೌದು ಎಂದೇ ಉತ್ತರ ಬರುತ್ತದೆ. ಅವರನ್ನು ಸಣ್ಣದಾಗಿಸಿದ್ದು ಅವಧಿಗೆ ಮುಂಚಿನ ಹೆರಿಗೆ. ಆ ಹೆರಿಗೆಗೆ ದಾರಿ ಮಾಡಿದ್ದು ಒಟ್ಟಿಗೆ ಹಾಕಿದ ಎರಡು ಭ್ರೂಣ. ವೀಕ್ ಮಗುವಿಗೆ ಹೆದರುವ ಮನೆಯವರೇ ಎರಡು ಭ್ರೂಣ ಹಾಕಿ ಎಂದು ಕೇಳುತ್ತಾರಲ್ಲ, ಮಾರಾಯ್ರೆ, ಬೇಸರ ಆಗುವುದು ಅಲ್ಲಿ.

‘ಒಂದೇ ಖರ್ಚಿನಲ್ಲಿ ಎರಡು’ ಎಂಬ ಲೆಕ್ಕವನ್ನು ಬಿಡಿಸಿ ನೋಡೋಣ. ಒಂಟಿ ಮಗುವಾದರೆ 37 ವಾರಕ್ಕೆ ಮುಂಚೆ ಹೆರಿಗೆಯಾಗುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಅವಳಿಯಾದರೆ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ. ಮಗು ಚೀಪಿ, ನುಂಗಿ, ನಡುವೆ ಉಸಿರಾಡುವುದನ್ನು ಹೊಂದಿಸಿಕೊಳ್ಳುವುದೇ 34 ವಾರದ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದರೆ ಮೂಗಿನ ಟ್ಯೂಬಿನಲ್ಲಿ ಹಾಲು. ಶ್ವಾಸಕೋಶ ಅರಳಲು ಬೇಕಾದ ಸರ್ಫ್ಯಾಕ್ಟಂಟ್ ಕೂಡ ಅಷ್ಟರಲ್ಲಿ ಸಾಕಷ್ಟು ತಯಾರಾಗಿರುವುದಿಲ್ಲ. 34 ವಾರಕ್ಕೆ ಮುಂಚೆ ಅಥವಾ ಎರಡು ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಣ್ಣಿನ ಪರದೆಯನ್ನು ತಿಂಗಳೊಳಗೆ ಪರೀಕ್ಷೆ ಮಾಡಿಸಲೇಬೇಕು. ತಪ್ಪಿದರೆ ದೃಷ್ಟಿಯೇ ಹೋಗಬಹುದು. ಮೆದುಳಿನ ಹಾನಿಯಿಂದ ಕೈಕಾಲಿನ ಹತೋಟಿ ತಪ್ಪುವ ಸೆರೆಬ್ರಲ್ ಪಾಲ್ಸಿಯ ಅಪಾಯ ಅವಳಿಗಳಲ್ಲಿ ಒಂಟಿ ಮಗುವಿಗಿಂತ ಸುಮಾರು ನಾಲ್ಕು ಪಟ್ಟು. ತಾಯಿಗೆ ಬಿಪಿ ಏರುವುದು, ಶುಗರ್, ಹೆರಿಗೆಯ ನಂತರದ ರಕ್ತಸ್ರಾವ ಎಲ್ಲವೂ ಹೆಚ್ಚು. ಎನ್‌ಐಸಿಯುನ ಬಿಲ್ಲು ಬಂದ ಮೇಲೆ ಒಂದೇ ಖರ್ಚು ಎಂಬ ಮಾತೂ ನಿಲ್ಲುವುದಿಲ್ಲ.

ಎರಡು ಹಾಕಿದರೆ ಬಸಿರು ನಿಲ್ಲುವ ಅವಕಾಶವೂ ಎರಡು ಪಟ್ಟು ಎನ್ನುತ್ತಾರೆ. ಅದೂ ಇಲ್ಲ. 2004ರಲ್ಲಿ ಸ್ವೀಡನ್ನಿನ ವೈದ್ಯರು 36 ವರ್ಷದೊಳಗಿನ ಮಹಿಳೆಯರನ್ನು ಎರಡು ಗುಂಪು ಮಾಡಿ ಪ್ರಕಟಿಸಿದ ಅಧ್ಯಯನ ಇದೆ. ಒಂದು ಗುಂಪಿಗೆ ಎರಡು ಭ್ರೂಣ ಒಟ್ಟಿಗೆ. ಇನ್ನೊಂದಕ್ಕೆ ಮೊದಲು ಒಂದು, ಅದು ನಿಲ್ಲದಿದ್ದರೆ ಫ್ರೀಜ್ ಮಾಡಿಟ್ಟ ಇನ್ನೊಂದು. ಮಗು ಹುಟ್ಟಿದ್ದು ಮೊದಲ ಗುಂಪಿನಲ್ಲಿ ಶೇ. 42.9, ಎರಡನೆಯದರಲ್ಲಿ ಶೇ. 38.8. ಆ ಹೆರಿಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಬಂದದ್ದು ಶೇ. 33.1 ಮತ್ತು ಶೇ. 0.8. ನಾಲ್ಕು ಅಂಕದ ಲಾಭಕ್ಕೆ ಮೂರರಲ್ಲಿ ಒಂದು ಅವಳಿ! ಪದೇ ಪದೇ ವಿಫಲವಾಗಿ ವಯಸ್ಸು ನಲ್ವತ್ತರ ಹತ್ತಿರ ಬಂದವರಿಗೆ ಡಾಕ್ಟ್ರು ಎರಡು ಹಾಕುವುದುಂಟು. ಆ ಮಾತು ಬೇರೆ. ಮೊದಲ ಸಲದವರಿಗೆ, ಲ್ಯಾಬಿನಲ್ಲಿ ಐದು ದಿನ ಬೆಳೆದ (ಐದನೇ ದಿನದ) ಒಳ್ಳೆಯ ಭ್ರೂಣ ಇದ್ದರೆ, ಒಂದೇ ಸಾಕು.

‘ಗಂಡನ ರಜೆ ಒಂದೇ ತಿಂಗಳು’ ಎಂಬುದು ಎರಡು ಹಾಕಿಸಲು ಕಾರಣವಲ್ಲ. ಇಂಜೆಕ್ಷನ್ ಕೋರ್ಸು ಸುಮಾರು ಹತ್ತು-ಹನ್ನೆರಡು ದಿನ, ಅಂಡಾಣು ಪಕ್ವವಾಗಲು ಕೊಡುವ ಕೊನೆಯ ಇಂಜೆಕ್ಷನ್ (ಟ್ರಿಗರ್) ಆದ 34ರಿಂದ 36 ಗಂಟೆಗೆ ಅಂಡಾಣು ತೆಗೆಯುತ್ತಾರೆ. ಅವತ್ತಿಗೆ ಅವರು ಊರಲ್ಲಿ ಇರಲಾಗದಿದ್ದರೆ ವೀರ್ಯವನ್ನು ಮೊದಲೇ ಫ್ರೀಜ್ ಮಾಡಿಸಬಹುದು. ಉಳಿದ ಭ್ರೂಣಗಳನ್ನು ಐವಿಎಫ್‌ನಂಥ ಚಿಕಿತ್ಸೆಗಳ 2021ರ ಕಾಯ್ದೆಯಂತೆ 10 ವರ್ಷದವರೆಗೆ ಇಡಬಹುದು. ಎರಡನೇ ಮಗು ಬೇಕೆನಿಸಿದಾಗ ಇಂಜೆಕ್ಷನ್ ಕೋರ್ಸಾಗಲಿ ಅರಿವಳಿಕೆಯಾಗಲಿ ಮತ್ತೆ ಬೇಡ. ಒಪ್ಪಿಗೆಯ ಕಾಗದಗಳಿಗೆ ಇಬ್ಬರ ಸಹಿಯೂ ಬೇಕು. ಅವರು ವಿಮಾನ ಹತ್ತುವ ಮೊದಲೇ ಕೇಳಿ ಮುಗಿಸಿಕೊಳ್ಳಿ.

ಒಂದೇ ಮಗುವಾದರೂ ಅಪಾಯ ಸೊನ್ನೆ ಎಂದು ಹೇಳುತ್ತಿಲ್ಲ. ಹುಟ್ಟು ನ್ಯೂನತೆ ಸಾಮಾನ್ಯವಾಗಿ ನೂರರಲ್ಲಿ ಮೂರು ಮಕ್ಕಳ ಆಸುಪಾಸು ಇದ್ದರೆ, ಇಲ್ಲಿ ನಾಲ್ಕರ ಆಸುಪಾಸು. ತಾವಾಗಿಯೇ, ಆದರೆ ತಡವಾಗಿ ಬಸಿರಾದವರಲ್ಲೂ ಸ್ವಲ್ಪ ಹೆಚ್ಚೇ ಕಾಣುವುದರಿಂದ, ಇದರಲ್ಲಿ ಒಂದು ಪಾಲು ಬಂಜೆತನದ ಮೂಲಕಾರಣದ್ದು. 18ರಿಂದ 20 ವಾರದ ಅನಾಮಲಿ ಸ್ಕ್ಯಾನ್ ತಪ್ಪಿಸಬೇಡಿ. ಗಂಡನ ವೀರ್ಯಾಣು ತೀರಾ ಕಡಿಮೆಯಿದ್ದು ಇಕ್ಸಿ (ಒಂದೇ ವೀರ್ಯಾಣುವನ್ನು ನೇರ ಅಂಡಾಣುವಿನೊಳಗೆ ಚುಚ್ಚುವುದು) ಮಾಡುವುದಾದರೆ ವೈ ಕ್ರೋಮೊಸೋಮ್ ಪರೀಕ್ಷೆಯ ಬಗ್ಗೆ ಕೇಳಿ. ದೋಷ ಅಲ್ಲಿದ್ದರೆ ಅದು ಗಂಡು ಮಗುವಿಗೂ ದಾಟುತ್ತದೆ.

ಇನ್ನು ನಿಮ್ಮ ಆರೋಗ್ಯ. ಇಂಜೆಕ್ಷನ್‌ನಿಂದ ಅಂಡಾಣು ಖಾಲಿಯಾಗುವುದಿಲ್ಲ, ಆ ತಿಂಗಳು ಹೇಗೂ ಸಾಯಲಿದ್ದವೇ ಬೆಳೆಯುವುದು. ಎಚ್ಚರ ಬೇಕಾದದ್ದು ಅಂಡಾಶಯದ ಅತಿ ಪ್ರಚೋದನೆಗೆ, ಅದರಲ್ಲೂ ಪಿಸಿಓಎಸ್ (ಅಂಡಾಶಯದ ಹಾರ್ಮೋನು ತೊಂದರೆ) ಇದ್ದರೆ. ಟ್ರಿಗರ್ ಆದ ಮೇಲೆ ಹೊಟ್ಟೆ ಉಬ್ಬಿ, ದಿನಕ್ಕೆ ಒಂದು ಕೆ.ಜಿ. ತೂಕ ಏರಿ, ಮೂತ್ರ ಕಡಿಮೆಯಾಗಿ, ಉಸಿರು ಕಟ್ಟಿದರೆ ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದು ಕೂರಬೇಡಿ. ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಿ. ಬಸಿರು ನಿಂತ ಮೇಲೆ ಬಿಪಿಯ ಮೇಲೆ ಕಣ್ಣಿಡಬೇಕು. ದಾನಿಯ ಅಂಡಾಣುವಾದರೆ, ಅಥವಾ ಪೂರ್ತಿ ಮಾತ್ರೆಗಳ ಮೇಲೆ ಗರ್ಭಕೋಶ ತಯಾರು ಮಾಡಿ ಫ್ರೀಜ್ ಭ್ರೂಣ ಹಾಕಿದ್ದರೆ ಇನ್ನೂ ಹೆಚ್ಚು. ಬಿಪಿಯ ಅಪಾಯ ಹೆಚ್ಚಿರುವವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ಅದನ್ನು 16 ವಾರದೊಳಗೆ ಶುರು ಮಾಡಬೇಕು, ಡಾಕ್ಟ್ರು ಹೇಳಿದರೆ ಮಾತ್ರ.

ಯಾರೂ ಕೇಳದ ಒಂದು ಸಂಗತಿ ಉಳಿಯಿತು, ಹೆರಿಗೆಯ ತಾರೀಕು. ಐವಿಎಫ್ ಆದವರು ಮುಟ್ಟಿನ ದಿನದಿಂದ ಎಣಿಸಬಾರದು. ಐದನೇ ದಿನದ ಭ್ರೂಣವಾದರೆ ಅದನ್ನು ಗರ್ಭಕೋಶಕ್ಕೆ ಹಾಕಿದ, ಅಂದರೆ ಟ್ರಾನ್ಸ್‌ಫರ್ ಆದ ದಿನಕ್ಕೆ 261 ಸೇರಿಸಿ, ಮೂರನೇ ದಿನದ್ದಾದರೆ 263. ಜೂನ್ 1ಕ್ಕೆ ಐದನೇ ದಿನದ ಭ್ರೂಣ ಹಾಕಿದ್ದರೆ ಫೆಬ್ರುವರಿ 17. ಫ್ರೀಜ್ ಸೈಕಲ್‌ನಲ್ಲಿ ಟ್ರಾನ್ಸ್‌ಫರ್ ಮುಟ್ಟಿನ 25ನೇ ದಿನಕ್ಕೆ ಹೋದದ್ದೂ ಉಂಟು. ಆಗ ಮುಟ್ಟಿನ ಲೆಕ್ಕ ಹಿಡಿದರೆ ಬಸಿರಿಗೆ ಐದು ದಿನ ಸುಮ್ಮನೆ ಕೂಡುತ್ತದೆ. ಸರಿಯಾಗಿಯೇ ಬೆಳೆಯುತ್ತಿರುವ ಮಗು ಸ್ಕ್ಯಾನಿಂಗ್‌ನಲ್ಲಿ ಸಣ್ಣದಾಗಿ ಕಾಣುತ್ತದೆ. 37 ವಾರ ತುಂಬಿತೆಂದು ಮಾಡಿದ ಸಿಸೇರಿಯನ್ ನಿಜಕ್ಕೆ 36 ವಾರ 2 ದಿನಕ್ಕೆ ಆಗಿರುತ್ತದೆ.

ನಮ್ಮಲ್ಲಿ ಏಳನೇ ತಿಂಗಳಿಗೆ ಬಯಕೆ ಮುಗಿಸಿ ತವರಿಗೆ ಹೋಗುತ್ತಾರೆ. ಅಲ್ಲಿ ನೋಡುವ ಡಾಕ್ಟ್ರು ಹೊಸಬರು, ಐವಿಎಫ್ ಫೈಲು ಗಂಡನ ಮನೆಯ ಕಪಾಟಿನಲ್ಲಿ. ಅದಕ್ಕೇ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಇಷ್ಟು ಬರೆಸಿಕೊಳ್ಳಿ: ಟ್ರಾನ್ಸ್‌ಫರ್ ಆದ ತಾರೀಕು, ಭ್ರೂಣ ಎಷ್ಟನೇ ದಿನದ್ದು, ತಾಜಾ ಅಥವಾ ಫ್ರೀಜ್, ಅಂಡಾಣು ಸ್ವಂತದ್ದೋ ದಾನಿಯದೋ. ಕೊನೆಯದನ್ನು ಕಾರ್ಡಿನಲ್ಲಿ ಬರೆಸಲು ಮನಸ್ಸಿಲ್ಲದಿದ್ದರೆ ಡಾಕ್ಟ್ರ ಕಿವಿಗಾದರೂ ಹಾಕಿ.