ಸೇತುವೆ ನಿಂತಿರುವಾಗಲೇ ಅದರ ಪಾಯ ಗಟ್ಟಿ ಮಾಡುವುದು ಹೇಗೆ?

ಪ್ರಶ್ನೆ: ಹಳೆ ಸೇತುವೆಯ ಪಾಯ ಸಾಲದು ಅಂತ ಗೊತ್ತಾದರೆ ಕೆಳಗಿನಿಂದ ರಿಪೇರಿ ಮಾಡಬಹುದಾ? ಅಲ್ಲಿ ಯಂತ್ರ ನಿಲ್ಲಿಸುವುದಕ್ಕೂ ಜಾಗ ಇರುವುದಿಲ್ಲ ಅಲ್ವಾ?

ಉತ್ತರ: ಮಾಡಬಹುದು. ಆದರೆ ದೊಡ್ಡ ಯಂತ್ರದಿಂದ ಅಲ್ಲ. ಬೋರ್‌ವೆಲ್ ಲಾರಿಯ ಗೋಪುರ ಎತ್ತಬೇಕಾದರೆ ತಲೆಮೇಲೆ ಏನೂ ಅಡ್ಡ ಇರಬಾರದು. ಪೈಲ್, ಅಂದರೆ ಪಾಯಕ್ಕೆ ಆಸರೆಯಾಗಿ ನೆಲದಾಳಕ್ಕೆ ಇಳಿಸುವ ಕಂಬ, ಅದನ್ನು ಕೊರೆಯುವ ಯಂತ್ರದ ಕಥೆಯೂ ಅದೇ. ಸೇತುವೆ ಕೆಳಗೆ ಎಷ್ಟೋ ಕಡೆ ನಾಲ್ಕು ಮೀಟರ್ ಎತ್ತರವೂ ಸಿಗುವುದಿಲ್ಲ.

ಅಲ್ಲಿ ಕೆಲಸಕ್ಕೆ ಬರುವುದು ಮೈಕ್ರೋಪೈಲ್, ಅಂದರೆ ಸಣ್ಣ ಪೈಲ್. ಇದರ ಅಡ್ಡಳತೆ 300 ಮಿಲಿಮೀಟರ್‌ಗಿಂತ ಕಡಿಮೆ. ಕುಳ್ಳ ಯಂತ್ರವೊಂದನ್ನು ಒಳಗೆ ತಂದು, ಅದಕ್ಕೆ ಶಕ್ತಿ ಕೊಡುವ ಮೋಟಾರನ್ನು ಹೊರಗೇ ಇಟ್ಟು ಕೊಳವೆಯಲ್ಲಿ ಜೋಡಿಸಬಹುದು. ಉಕ್ಕಿನ ಕೇಸಿಂಗ್ ಪೈಪನ್ನು ಒಂದೊಂದೇ ತುಂಡಾಗಿ ಇಳಿಸುತ್ತಾರೆ. ಸಬ್‌ಮರ್ಸಿಬಲ್ ಪಂಪ್ ಬಿಡುವಾಗ ಪೈಪಿಗೆ ಪೈಪು ತಿರುಗಿಸಿ ಸೇರಿಸುತ್ತಾರಲ್ಲ, ಹಾಗೆ. ಆಮೇಲೆ ಒಳಗೆ ಉಕ್ಕಿನ ಸರಳು, ಅದರ ಸುತ್ತ ಗ್ರೌಟ್. ಗ್ರೌಟ್ ಅಂದರೆ ಜಲ್ಲಿ ಇಲ್ಲದ ಸಿಮೆಂಟಿನ ಗಂಜಿ. ಈ ಪೈಲ್ ತುದಿಯ ಮೇಲೆ ನಿಲ್ಲುವುದಕ್ಕಿಂತ ಜಾಸ್ತಿ, ಮೈಯುದ್ದಕ್ಕೂ ಮಣ್ಣನ್ನೋ ಬಂಡೆಯನ್ನೋ ಕಚ್ಚಿ ಹಿಡಿದು ಭಾರ ಹೊರುತ್ತದೆ. ಇದನ್ನು ಹುಟ್ಟುಹಾಕಿದ ಇಟಲಿಯವರು 'ಬೇರಿನ ಪೈಲ್' ಎಂದೇ ಕರೆದರು. ಮಹಾಯುದ್ಧದಲ್ಲಿ ಜಖಂ ಆದ ಕಟ್ಟಡಗಳನ್ನು ಉಳಿಸಲು ಎಂಜಿನಿಯರ್ ಫೆರ್ನಾಂಡೊ ಲಿಝಿ 1950ರ ದಶಕದ ಆರಂಭದಲ್ಲಿ ತಂದ ಉಪಾಯ ಅದು. ನೇಪಲ್ಸ್‌ನ ಒಂದು ಶಾಲೆಯಲ್ಲಿ ಪರೀಕ್ಷೆಗೆಂದು ಇಳಿಸಿದ 100 ಮಿಲಿಮೀಟರ್ ದಪ್ಪದ, 13 ಮೀಟರ್ ಉದ್ದದ ಪೈಲ್ ಸುಮಾರು 40 ಟನ್ ಹೊತ್ತೂ ಮುರಿಯಲಿಲ್ಲ!

ಕೊರೆಯುವುದೇ ಕಷ್ಟ ಅಂತ ಅನ್ನಿಸಬಹುದು. ನನ್ನನ್ನು ಕೇಳಿದರೆ ನಿಜವಾದ ತಲೆನೋವು ಹೊಸ ಪೈಲನ್ನು ಹಳೆ ಪಾಯಕ್ಕೆ ಕಟ್ಟುವುದು. ಪೈಲ್ ಇಳಿಸಿದ ದಿನ ಅದರ ಮೇಲೆ ಸೇತುವೆಯ ಒಂದು ಕೆಜಿ ಭಾರವೂ ಇರುವುದಿಲ್ಲ. ಪೂರ್ತಿ ಭಾರ ಇನ್ನೂ ಹಳೆ ಪಾಯದ ಮೇಲೇ ಇರುತ್ತದೆ. ಸುಮ್ನೆ ಕಾಂಕ್ರೀಟ್ ಸುರಿದು ಬಿಟ್ಟರೆ, ಪಾಯ ಇನ್ನಷ್ಟು ಕುಸಿದ ಮೇಲೆಯೇ ಪೈಲ್ ಕೆಲಸ ಶುರು ಮಾಡುತ್ತದೆ. ಆ ಕುಸಿತವೂ ಆಗಬಾರದು ಅಂತಿದ್ದರೆ ನಡುವೆ ಜಾಕ್ ಇಟ್ಟು ಪೈಲನ್ನು ಮೊದಲೇ ಅದುಮಿ, ಅದೇ ಒತ್ತಡದಲ್ಲಿ ಭದ್ರ ಮಾಡುತ್ತಾರೆ. ಕೆಲವೊಮ್ಮೆ ಹಳೆ ಪಾಯವನ್ನೇ ತೂತು ಮಾಡಿ ಪೈಲ್ ಇಳಿಸುತ್ತಾರೆ. ಇಲ್ಲದಿದ್ದರೆ ಹಳೆ ಕಾಂಕ್ರೀಟನ್ನು ಒರಟು ಮಾಡಿ, ಸರಳು ನೆಟ್ಟು, ಸುತ್ತ ಹೊಸ ಪಟ್ಟಿ ಕಟ್ಟುತ್ತಾರೆ.

ಕೊರೆಯುವ ರೀತಿಯಲ್ಲೂ ಎಚ್ಚರ ಬೇಕು. ಸಡಿಲ ಮರಳಿನಲ್ಲಿ, ಕೊರೆದ ಮಣ್ಣನ್ನು ಹೊರಗೆ ತಳ್ಳಲು ಜೋರಾಗಿ ಗಾಳಿ ಬಿಟ್ಟರೆ ಪಾಯದಡಿಯ ಮಣ್ಣೇ ಕದಲಬಹುದು. ಹಾಗಾಗಿ ಕೆಲಸ ನಡೆಯುವಷ್ಟು ದಿನವೂ ಕಂಬ ಅಲುಗಿತೇ ಎಂದು ಅಳೆಯುತ್ತಲೇ ಇರಬೇಕು.

ಹೊಳೆಯೊಳಗಿನ ಕಂಬವಾದರೆ ಪೈಲ್ ಒಂದೇ ಸಾಲದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1987ರ ಏಪ್ರಿಲ್ 5ರಂದು ಸ್ಕೋಹರಿ ಹೊಳೆಯ ಸೇತುವೆ ಕುಸಿದು 10 ಜನ ಸತ್ತರು. ನೆರೆ ನೀರು ಪಾಯದಡಿಯ ಮಣ್ಣನ್ನು ಕೊರೆದಿತ್ತು. ಮೈಕ್ರೋಪೈಲ್ ಸಣಕಲು. ಸುತ್ತಲಿನ ಮಣ್ಣು ಕೊಚ್ಚಿಹೋದರೆ ಅದಕ್ಕೆ ಪಕ್ಕದ ಆಸರೆ ತಪ್ಪಿ ಬಾಗುವ ಅಪಾಯ ಇದೆ. ಹಾಗಾಗಿ ನೆರೆ ಎಷ್ಟು ಆಳ ಕೊರೆಯಬಹುದು ಎಂದು ಮೊದಲೇ ಲೆಕ್ಕ ಹಾಕಿ, ಅಷ್ಟು ಉದ್ದಕ್ಕೆ ಮಣ್ಣೇ ಇಲ್ಲ ಎಂದುಕೊಂಡು ಪೈಲ್ ವಿನ್ಯಾಸ ಮಾಡಬೇಕು. ಕಂಬದ ಬುಡಕ್ಕೆ ದಪ್ಪ ಕಲ್ಲುಗಳನ್ನು ಹಾಸುವುದು ಅದರ ಜೊತೆಗೆ ಮಾಡುವ ಕೆಲಸ.